ಗಂಗಾಮೂಲದ ಮಗಳು ಕಂಡ ‘ಮುಕ್ತಿ’

ಪುಣೆಯಿಂದ ಸೊಲ್ಲಾಪುರದತ್ತ ಹೋಗುವ ರೈಲು ಮಾರ್ಗದಲ್ಲಿ 55-60 ಕಿಲೋಮೀಟರ್ ಸಾಗಿದರೆ ಕೇಡಗಾಂವ್ ಎಂಬ ಊರು ಸಿಗುತ್ತದೆ. ಅಲ್ಲಿರುವ ‘ಮುಕ್ತಿ’ ಎಂಬ ಆಶ್ರಯಧಾಮ ಶುರುವಾಗಿ ನೂರು ವರ್ಷಗಳಿಗೂ ಮಿಕ್ಕಿವೆ. ಅನಾಥ ಮಕ್ಕಳು, ಗಂಡನನ್ನು ಕಳೆದುಕೊಂಡವರು, ಮನೆಯಿಂದ ಹೊರದೂಡಲ್ಪಟ್ಟವರು, ಕಣ್ಣು ಕಾಣದವರು ಹೀಗೆ ಎಲ್ಲೂ ನೆಲೆಯಿಲ್ಲದ ಸಾವಿರಾರು ಹೆಂಗಸರು ಅಲ್ಲಿ ಬದುಕು ಕಂಡುಕೊಂಡಿದ್ದಾರೆ. ಇದನ್ನು ಕಟ್ಟಿದವರು ಪಂಡಿತಾ ರಮಾಬಾಯಿ. ಮಹಾರಾಷ್ಟ್ರದ ಸಮಾಜ ಸುಧಾರಕಿ ಎಂದೇ ಪುಸ್ತಕಗಳು ಅವರನ್ನು ಪರಿಚಯಿಸುತ್ತವೆ. ಆದರೆ ಅವರು ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲಿ.

ರಮಾಬಾಯಿಯವರ ವಿದ್ವತ್ತು, ಅವರು ಸ್ತ್ರೀಶಿಕ್ಷಣಕ್ಕಾಗಿ ಪಟ್ಟ ಶ್ರಮ, ಕ್ರೈಸ್ತ ಧರ್ಮ ಸೇರಿದ್ದಕ್ಕೆ ಎದ್ದ ವಿವಾದ ಇವೆಲ್ಲ ಸಾಕಷ್ಟು ಚರ್ಚೆಯಾಗಿವೆ. ಅಷ್ಟಾಗಿ ಚರ್ಚೆಗೆ ಬಾರದ ಸಂಗತಿಯೊಂದಿದೆ. ಎಂಟೇ ವರ್ಷಗಳ ಅವಧಿಯಲ್ಲಿ ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಐವರನ್ನೂ ಕಳೆದುಕೊಂಡು, 23ರ ಹರೆಯದಲ್ಲಿ ಕೈಗೂಸಿನೊಂದಿಗೆ ವಿಧವೆಯಾಗಿ ನಿಂತ ಹೆಣ್ಣುಮಗಳೊಬ್ಬಳು ಕಹಿಯಲ್ಲಿ ಮುಳುಗಿಹೋಗದೆ ಉಳಿದದ್ದು ಹೇಗೆ? ಈ ಪ್ರಶ್ನೆಗೆ ರಮಾಬಾಯಿಯವರು ಕೊಟ್ಟುಕೊಂಡ ಉತ್ತರ ಕ್ರೈಸ್ತ ವಿಶ್ವಾಸ. ಆ ಉತ್ತರ ಅವರಿಗೆ ಒಂದೇ ದಿನದಲ್ಲಿ ದೊರೆಯಲಿಲ್ಲ. ಧರ್ಮ ಬದಲಿಸಿದ ದಿನವೂ ದೊರೆಯಲಿಲ್ಲ ಎಂಬುದು ಇಲ್ಲಿ ಮುಖ್ಯ.

ಕಾಡಿನಲ್ಲಿ ಸಂಸ್ಕೃತದ ಮನೆ

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕರಾವಳಿಯಲ್ಲಿ ನೆಲೆಸಿದ್ದ ಚಿತ್ಪಾವನ ಬ್ರಾಹ್ಮಣರು, ಮಾಧ್ವ ವೈಷ್ಣವ ಸಂಪ್ರದಾಯದವರು. ಯೌವನದಲ್ಲಿ ಪುಣೆಗೆ ಹೋಗಿ ರಾಮಚಂದ್ರಶಾಸ್ತ್ರಿ ಎಂಬ ವಿದ್ವಾಂಸರ ಬಳಿ ಓದಿದರು. ಆ ಗುರುಗಳು ಪೇಶ್ವೆ ಎರಡನೆಯ ಬಾಜೀರಾಯನ ಅರಮನೆಯಲ್ಲಿ ರಾಣಿಗೂ ಸಂಸ್ಕೃತ ಪಾಠ ಹೇಳುತ್ತಿದ್ದರು. ಹೆಂಗಸೊಬ್ಬರು ಶ್ಲೋಕಗಳನ್ನು ಸರಾಗವಾಗಿ ಹೇಳುವುದನ್ನು ಕೇಳಿದ ಶಿಷ್ಯನ ಮನಸ್ಸಿನಲ್ಲಿ, ತನ್ನ ಮನೆಯಲ್ಲೂ ಹೀಗೇ ಆಗಬೇಕು ಎಂಬ ಆಸೆ ಮೊಳೆಯಿತು.

ಊರಿಗೆ ಮರಳಿ ಮೊದಲ ಹೆಂಡತಿಗೆ ಕಲಿಸಲು ಹೊರಟಾಗ ಮನೆಯವರು ಒಪ್ಪಲಿಲ್ಲ. ಆಕೆ ತೀರಿಕೊಂಡ ಮೇಲೆ, ನಲವತ್ತು ದಾಟಿದ್ದ ಶಾಸ್ತ್ರಿಗಳು ಒಂಬತ್ತು ವರ್ಷದ ಲಕ್ಷ್ಮೀಬಾಯಿಯನ್ನು ಮದುವೆಯಾದರು. ಆ ಕಾಲದಲ್ಲಿ ಇಂಥ ಮದುವೆ ಅಪರೂಪವೇನೂ ಆಗಿರಲಿಲ್ಲ. ಅಪರೂಪವಾಗಿದ್ದುದು ಶಾಸ್ತ್ರಿಗಳು ಆ ಬಾಲಕಿಗೆ ಸಂಸ್ಕೃತ ಕಲಿಸಿದ್ದು. ನೆಂಟರಿಷ್ಟರು, ಪುರೋಹಿತರು ತಕರಾರು ತೆಗೆದರು. ವಿಷಯ ಉಡುಪಿಯ ಮಠಾಧಿಪತಿಗಳು ಮತ್ತು ಪಂಡಿತರವರೆಗೂ ಹೋಯಿತು. ಶಾಸ್ತ್ರಿಗಳು ಅವರ ಮುಂದೆ ನಿಂತು, ವೇದವನ್ನು ಬಿಟ್ಟು ಉಳಿದ ಸಂಸ್ಕೃತ ವಾಙ್ಮಯವನ್ನು ಹೆಂಗಸರು ಕಲಿಯಲು ಅಡ್ಡಿಯಿಲ್ಲ ಎಂದು ಗ್ರಂಥಾಧಾರಗಳೊಂದಿಗೆ ವಾದಿಸಿದರು.

ವಾದದಲ್ಲಿ ಗೆದ್ದರೂ ಊರಿನ ವಾತಾವರಣ ಹಿತವೆನಿಸಲಿಲ್ಲ. ಶಾಸ್ತ್ರಿಗಳು ಘಟ್ಟ ಹತ್ತಿ ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿ ಪಾಠಶಾಲೆ ತೆರೆದರು. 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದ್ದು ಅಲ್ಲಿ. ಬಂದವರಿಗೆಲ್ಲ ಅನ್ನವಿಕ್ಕಿ, ವಿದ್ಯಾರ್ಥಿಗಳನ್ನು ಮನೆಯಲ್ಲಿಟ್ಟುಕೊಂಡು ಶಾಸ್ತ್ರಿಗಳು ಸಾಲಗಾರರಾಗಿದ್ದರು. ಹೀಗಾಗಿ ಮಗುವಿಗೆ ಆರು ತಿಂಗಳಾಗುವಾಗಲೇ ಕುಟುಂಬ ಮನೆ ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿದ ಕೂಸನ್ನು ಆಳೊಬ್ಬ ತಲೆಯ ಮೇಲೆ ಹೊತ್ತು ಘಟ್ಟ ಇಳಿಸಿದ. ಅಂದಿನಿಂದ ಆ ಕುಟುಂಬಕ್ಕೆ ಸ್ಥಿರವಾದ ಮನೆ ಎಂಬುದೇ ಇರಲಿಲ್ಲ.

ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುವುದು, ದೇವಾಲಯದ ಅಂಗಳದಲ್ಲೋ ನದಿಯ ಮೆಟ್ಟಿಲ ಮೇಲೋ ಕುಳಿತು ಪುರಾಣ ಓದುವುದು, ಕೇಳಿದವರು ಕೊಟ್ಟದ್ದರಲ್ಲಿ ಬದುಕುವುದು ಇದೇ ಅವರ ದಿನಚರಿಯಾಯಿತು. ತಾಯಿ ಲಕ್ಷ್ಮೀಬಾಯಿ ಬೆಳಗಿನ ಜಾವ ಮಗಳನ್ನು ಎಬ್ಬಿಸಿ ಪಾಠ ಹೇಳುತ್ತಿದ್ದರು. ಹದಿನೈದರ ಪ್ರಾಯಕ್ಕೆ ಭಾಗವತದ ಸಾವಿರಾರು ಶ್ಲೋಕಗಳು ರಮಾಬಾಯಿಗೆ ಬಾಯಿಪಾಠವಾಗಿದ್ದವು. ಕನ್ನಡ, ಮರಾಠಿ, ಹಿಂದಿ ಭಾಷೆಗಳು ದಾರಿ ನಡೆಯುತ್ತಲೇ ಬಂದವು.

ಬರ ಕಸಿದುಕೊಂಡದ್ದು

1870ರ ದಶಕದಲ್ಲಿ ದಕ್ಷಿಣ ಭಾರತದಲ್ಲಿ ಬರ ಕಾಣಿಸಿಕೊಂಡಿತು. ಶಾಸ್ತ್ರಿಗಳಿಗೆ ವಯಸ್ಸಾಗಿತ್ತು, ಕಣ್ಣು ಮಂದವಾಗಿತ್ತು. ಪುರಾಣ ಕೇಳುವವರಿಗೇ ಕೂಳಿಲ್ಲದಾಗ ಹೇಳುವವರಿಗೆ ಕೊಡುವವರು ಯಾರು? ಕೂಲಿ ಮಾಡಿ ಗೊತ್ತಿಲ್ಲ, ಭಿಕ್ಷೆ ಬೇಡಲು ಮನಸ್ಸು ಒಪ್ಪದು. ಜಪ, ಉಪವಾಸ, ದಾನಗಳಿಂದ ದೇವರು ಪ್ರಸನ್ನನಾದಾನು ಎಂದು ಕೈಯಲ್ಲಿದ್ದುದನ್ನೆಲ್ಲ ಅದಕ್ಕೇ ವ್ಯಯಿಸಿದರು. ಒಡವೆ ಹೋಯಿತು, ಬೆಳ್ಳಿ ತಾಮ್ರದ ಪಾತ್ರೆಗಳು ಹೋದವು. ಕೊನೆಗೆ ತಿರುಪತಿಯ ಸುತ್ತಲಿನ ಕಾಡು ಸೇರಿ, ಎಲೆ ಮತ್ತು ಕಾಡು ಹಣ್ಣುಗಳನ್ನು ತಿಂದು ಹನ್ನೊಂದು ದಿನ ಕಳೆದರು.

ಹೀಗೆ ಹಸಿವಿನಿಂದ ಸಾಯುವುದಕ್ಕಿಂತ ಪುಣ್ಯತೀರ್ಥದಲ್ಲಿ ಜಲಸಮಾಧಿಯಾಗುವುದೇ ಮೇಲೆಂದು ಮುದುಕರಾದ ಶಾಸ್ತ್ರಿಗಳು ತೀರ್ಮಾನಿಸಿದರು. ಮನೆಯವರಿಂದ ಒಬ್ಬೊಬ್ಬರಾಗಿ ಬೀಳ್ಕೊಂಡರು. ಕಿರಿಯ ಮಗಳನ್ನು ಅಪ್ಪಿಕೊಂಡು, ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ, ಧರ್ಮದ ದಾರಿ ಬಿಡಬೇಡ ಎಂಬ ಅರ್ಥದ ಮಾತು ಹೇಳಿದರು. ಆಗ ಮಗ ಶ್ರೀನಿವಾಸ ಅಡ್ಡ ಬಂದು, ಜಾತಿಯ ಅಭಿಮಾನ ಬದಿಗಿಟ್ಟು ಕೂಲಿ ಮಾಡಿಯಾದರೂ ಸಾಕುತ್ತೇನೆಂದ. ಆ ವೇಳೆಗೆ ಕಾಲ ಮೀರಿತ್ತು. 1874ರಲ್ಲಿ ತಂದೆ ತೀರಿಕೊಂಡರು. ಅದಾದ ಕೆಲವೇ ವಾರಗಳಲ್ಲಿ ತಾಯಿಯೂ ಹೋದರು. ತಾಯಿಯ ಶವ ಹೊರಲು ಜನವೇ ಸಿಗಲಿಲ್ಲ. ಕೊನೆಗೆ ಇಬ್ಬರು ಕನಿಕರಪಟ್ಟು ಬಂದಾಗ ಅಣ್ಣ ಮೂರನೆಯವನಾದ, ರಮಾಬಾಯಿ ನಾಲ್ಕನೆಯವರಾದರು. ಎತ್ತರ ಸಾಲದ್ದರಿಂದ ಹದಿನಾರರ ಹುಡುಗಿ ಚಟ್ಟದ ತುದಿಯನ್ನು ತಲೆಯ ಮೇಲೆ ಹೊತ್ತು ಸ್ಮಶಾನದವರೆಗೆ ನಡೆದರು. ಆಮೇಲೆ ಅಕ್ಕ ಕೃಷ್ಣಾಬಾಯಿಯೂ ತೀರಿಕೊಂಡರು.

ಉಳಿದ ಅಣ್ಣ ತಂಗಿ ಕಾಲ್ನಡಿಗೆಯಲ್ಲಿ ದೇಶ ಸುತ್ತಿದರು. ನಡೆದದ್ದು ಸುಮಾರು ನಾಲ್ಕು ಸಾವಿರ ಮೈಲಿ ಎಂದು ಅವರೇ ಲೆಕ್ಕ ಹಾಕಿದ್ದಾರೆ. ಒಂದು ಊರಿನಲ್ಲಿ ಅಣ್ಣನಿಗೆ ತಿಂಗಳಿಗೆ ನಾಲ್ಕು ರೂಪಾಯಿಯ ಕೆಲಸ ಸಿಕ್ಕಿತು. ನೀರಿನಲ್ಲಿ ನೆನೆಸಿದ ಹಿಡಿ ಕಾಳಿಗೆ ಉಪ್ಪು ಬೆರೆಸಿ ತಿಂದ ದಿನಗಳೂ ಇದ್ದವು. ಪಂಜಾಬಿನ ಝೀಲಂ ನದಿಯ ದಂಡೆಯಲ್ಲಿ ಒಮ್ಮೆ ಚಳಿ ತಡೆಯಲಾರದೆ, ಮರಳಿನಲ್ಲಿ ಎರಡು ಗುಂಡಿ ತೋಡಿ, ತಲೆಯಷ್ಟನ್ನು ಹೊರಗಿಟ್ಟು ಮೈಮೇಲೆ ಮರಳು ಎಳೆದುಕೊಂಡು ರಾತ್ರಿ ಕಳೆದರು.

ಈ ಅಲೆದಾಟದಲ್ಲಿ ರಮಾಬಾಯಿಯವರೊಳಗೆ ಏನೋ ಮುರಿದುಬಿತ್ತು. ತಂದೆ ತಾಯಿ ವಿಧಿಯಲ್ಲಿ ಒಂದನ್ನೂ ಬಿಟ್ಟವರಲ್ಲ, ಉಪವಾಸ ತಪ್ಪಿಸಿದವರಲ್ಲ. ಆದರೂ ಇಂಥ ಸಾವು ಏಕೆ ಬಂತು? ಈ ಪ್ರಶ್ನೆಗೆ ಉತ್ತರ ಸಿಗದಾಗ ಬಾಲ್ಯದ ನಂಬಿಕೆ ನಿಧಾನವಾಗಿ ಸಡಿಲಿತು. ಅದರ ಜಾಗಕ್ಕೆ ಬೇರೆ ಏನೂ ಬರಲಿಲ್ಲ.

ಬಿರುದು ಬಂತು, ನೆಮ್ಮದಿ ಬರಲಿಲ್ಲ

1878ರಲ್ಲಿ ಅಣ್ಣ ತಂಗಿ ಕಲ್ಕತ್ತೆ ತಲುಪಿದರು. ಇಪ್ಪತ್ತರ ಯುವತಿ ಸಂಸ್ಕೃತದಲ್ಲಿ ಆಶುವಾಗಿ ಮಾತನಾಡುವುದನ್ನು ಕೇಳಿ ಅಲ್ಲಿನ ಪಂಡಿತರು ಬೆರಗಾದರು. ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳು ಬಂದವು. ಬ್ರಹ್ಮಸಮಾಜದ ಕೇಶವಚಂದ್ರ ಸೇನರು ವೇದದ ಪ್ರತಿಯೊಂದನ್ನು ಕೊಟ್ಟು ಓದಲು ಒತ್ತಾಯಿಸಿದರು. ಹೆಂಗಸರಿಗೆ ಉಪನ್ಯಾಸ ಕೊಡಲೆಂದು ರಮಾಬಾಯಿ ಧರ್ಮಶಾಸ್ತ್ರಗಳನ್ನು ಓದತೊಡಗಿದರು. ಓದುತ್ತ ಹೋದಂತೆ, ಹೆಣ್ಣಿನ ಬಗ್ಗೆ ಅವುಗಳಲ್ಲಿದ್ದ ಮಾತುಗಳು ಅವರನ್ನು ಕಂಗೆಡಿಸಿದವು. ಸಭೆಗಳಲ್ಲಿ ಚಪ್ಪಾಳೆ, ಒಳಗೆ ಬರಿದು ಎಂಬಂತಹ ಕಾಲವದು.

1880ರಲ್ಲಿ ಢಾಕಾದಲ್ಲಿ ಅಣ್ಣ ಶ್ರೀನಿವಾಸ ತೀರಿಕೊಂಡರು. ಅದೇ ವರ್ಷ ರಮಾಬಾಯಿ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿ ಅವರನ್ನು ನೋಂದಣಿ ವಿವಾಹವಾದರು. ವರ ಬ್ರಾಹ್ಮಣರಲ್ಲ. ಜಾತಿಯೂ ಬೇರೆ, ಪ್ರಾಂತವೂ ಬೇರೆ. ಅಸ್ಸಾಮಿನ ಸಿಲ್ಚಾರ್‌ನಲ್ಲಿ ಸಂಸಾರ ಹೂಡಿದರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. ಆ ಮನೆಯ ಪುಸ್ತಕಗಳ ನಡುವೆ ಒಂದು ದಿನ ರಮಾಬಾಯಿಯವರಿಗೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯ ಚಿಕ್ಕ ಪುಸ್ತಕ ಸಿಕ್ಕಿತು. ಊರಿನಲ್ಲಿದ್ದ ಬ್ಯಾಪ್ಟಿಸ್ಟ್ ಮಿಷನರಿಯೊಬ್ಬರು ಮನೆಗೆ ಬಂದು ಬೈಬಲ್ಲಿನ ವಿಷಯ ತಿಳಿಸುತ್ತಿದ್ದರು. ಹೆಂಡತಿ ಕ್ರೈಸ್ತಳಾಗಬಹುದೆಂಬ ಸುಳಿವು ಸಿಕ್ಕಾಗ ಗಂಡನಿಗೆ ಸಿಟ್ಟು ಬಂತು. ಮಾತು ಅಲ್ಲಿಗೇ ನಿಂತಿತು.

1882ರ ಫೆಬ್ರುವರಿಯಲ್ಲಿ ಕಾಲರಾ ತಗುಲಿ ಬಿಪಿನ್ ಬಿಹಾರಿ ತೀರಿಕೊಂಡರು. ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ.

ದೀಕ್ಷೆ ಮತ್ತು ಜಗಳ

ಮಗಳನ್ನೆತ್ತಿಕೊಂಡು ಪುಣೆಗೆ ಬಂದ ರಮಾಬಾಯಿ ಅದೇ ವರ್ಷ ‘ಆರ್ಯ ಮಹಿಳಾ ಸಮಾಜ’ ಸ್ಥಾಪಿಸಿದರು. ಸರ್ಕಾರ ನೇಮಿಸಿದ್ದ ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಹೆಣ್ಣುಮಕ್ಕಳಿಗೆ ಶಿಕ್ಷಕಿಯರು ಬೇಕು, ಹೆಂಗಸರಿಗೆ ವೈದ್ಯೆಯರು ಬೇಕು ಎಂದು ವಾದಿಸಿದರು. ತಾವೇ ವೈದ್ಯೆಯಾಗಬೇಕೆಂಬ ಆಸೆಯಿಂದ 1883ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದರು. ಜೊತೆಗೆ ಮಗಳು ಮತ್ತು ಗೆಳತಿ ಆನಂದಿಬಾಯಿ ಭಗತ್ ಇದ್ದರು. ವಾಂಟೇಜ್ ಎಂಬ ಊರಿನಲ್ಲಿ ಆಂಗ್ಲಿಕನ್ ಸನ್ಯಾಸಿನಿಯರ ಆಶ್ರಮ ಅವರಿಗೆ ಇಳಿದುಕೊಳ್ಳಲು ಜಾಗ ಕೊಟ್ಟಿತು.

ಅಲ್ಲಿಯೂ ದುರಂತ ಬೆನ್ನು ಬಿಡಲಿಲ್ಲ. ಆನಂದಿಬಾಯಿ ಭಗತ್ ಅದೇ ವರ್ಷ ಆತ್ಮಹತ್ಯೆ ಮಾಡಿಕೊಂಡರು. ಮುಂದೆ ರಮಾಬಾಯಿಯವರ ಕಿವಿಯೂ ಮಂದವಾಗುತ್ತ ಬಂದು, ವೈದ್ಯೆಯಾಗುವ ಆಸೆಯನ್ನು ಕೈಬಿಡಬೇಕಾಯಿತು.

ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ ಇದೇ ಸನ್ಯಾಸಿನಿಯರು ನಡೆಸುತ್ತಿದ್ದ ಆಶ್ರಯಧಾಮಕ್ಕೆ ರಮಾಬಾಯಿ ಹೋದರು. ಸಮಾಜ ‘ದಾರಿ ತಪ್ಪಿದವರು’ ಎಂದು ದೂರವಿಟ್ಟಿದ್ದ ಹೆಂಗಸರು ಅಲ್ಲಿದ್ದರು. ಅವರಲ್ಲಿ ಕೆಲವರು ಬದುಕು ತಿದ್ದಿಕೊಂಡು ರೋಗಿಗಳ ಶುಶ್ರೂಷೆ ಮಾಡುತ್ತಿದ್ದರು. ಇಂಥವರನ್ನು ಏಕೆ ಸಾಕುತ್ತೀರಿ ಎಂದು ರಮಾಬಾಯಿ ಕೇಳಿದಾಗ, ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ಅವರಿಗೆ ಓದಿ ಹೇಳಲಾಯಿತು. ಬಾವಿಯ ಬಳಿ ಯೇಸು ಸಮಾರ್ಯದ ಹೆಂಗಸಿನೊಂದಿಗೆ ಮಾತನಾಡುವ ಪ್ರಸಂಗ ಅದು. ಆಕೆ ಕೀಳೆಂದು ಎಣಿಸಲಾದ ಕುಲದವಳು, ಬದುಕಿನಲ್ಲಿ ಎಡವಿದವಳು. ಯೇಸು ಆಕೆಯಿಂದ ನೀರು ಕೇಳಿ, ಆಕೆಯೊಂದಿಗೇ ದೇವರ ವಿಷಯ ಚರ್ಚಿಸುತ್ತಾನೆ. ಧರ್ಮಗ್ರಂಥಗಳಲ್ಲಿ ಹೆಣ್ಣಿನ ಬಗ್ಗೆ ತಾವು ಹುಡುಕುತ್ತಿದ್ದ ಕರುಣೆ ಇಲ್ಲಿದೆ ಎಂದು ರಮಾಬಾಯಿಗೆ ಅನ್ನಿಸಿತು. 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳು ಇಬ್ಬರೂ ದೀಕ್ಷಾಸ್ನಾನ ಪಡೆದರು.

ಕಥೆ ಇಲ್ಲಿಗೆ ಸುಖಾಂತ್ಯ ಎನ್ನುವಂತಿಲ್ಲ. ದೀಕ್ಷೆ ಪಡೆದ ಮರುದಿನಗಳಿಂದಲೇ ಜಗಳ ಶುರುವಾಯಿತು. ಆಶ್ರಮದ ಸಿಸ್ಟರ್ ಜೆರಾಲ್ಡಿನ್ ರಮಾಬಾಯಿಯವರ ಧರ್ಮಮಾತೆ. ಚರ್ಚಿನ ಬೋಧನೆಯನ್ನು ವಿನಯದಿಂದ ಒಪ್ಪಿಕೊಳ್ಳಬೇಕೆಂಬುದು ಅವರ ನಿರೀಕ್ಷೆ. ರಮಾಬಾಯಿಯಾದರೋ ತ್ರಿಯೇಕ ದೇವರ ತತ್ತ್ವವನ್ನು ಪ್ರಶ್ನಿಸಿದರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇ ಏಕಿರಬೇಕು, ಸಂಸ್ಕೃತ ಏಕಾಗದು ಎಂದು ಕೇಳಿದರು. ಸಸ್ಯಾಹಾರ ಬಿಡಲಿಲ್ಲ. ಒಂದು ಪುರೋಹಿತ ವರ್ಗದ ಅಂಕೆಯಿಂದ ಹೊರಬಂದವಳು ಇನ್ನೊಂದರ ಅಂಕೆಗೆ ಒಳಗಾಗುವುದಿಲ್ಲ ಎಂದು ಖಂಡಿತವಾಗಿ ತಿಳಿಸಿದರು. 1884ರಿಂದ 1886ರವರೆಗೆ ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಓದುತ್ತ ಸಂಸ್ಕೃತ ಕಲಿಸುತ್ತಿದ್ದಾಗ, ಅವರು ಗಂಡಸರಿಗೆ ಪಾಠ ಹೇಳಬಾರದೆಂದು ಭಾರತದಲ್ಲಿದ್ದ ಬಿಷಪ್ಪರು ತಡೆದರು. ಹೆಣ್ಣು ಕಲಿಯಬಾರದು ಎಂದವರನ್ನು ತಂದೆ ಉಡುಪಿಯಲ್ಲಿ ಎದುರಿಸಿದ್ದರು. ಹೆಣ್ಣು ಕಲಿಸಬಾರದು ಎಂದವರನ್ನು ಮಗಳು ಇಂಗ್ಲೆಂಡಿನಲ್ಲಿ ಎದುರಿಸಬೇಕಾಯಿತು.

ಈ ಅವಧಿಯ ಪತ್ರಗಳು 1977ರಲ್ಲಿ ಪುಸ್ತಕವಾಗಿ ಹೊರಬಂದಿವೆ. ವಾದದ ಚೂಪು, ಆತ್ಮಗೌರವ ಅವುಗಳಲ್ಲಿ ಎದ್ದು ಕಾಣುತ್ತವೆ. ಶಾಂತಿ ಸಿಕ್ಕಿದವರ ಪತ್ರಗಳು ಎಂದು ಮಾತ್ರ ಅವುಗಳನ್ನು ಕರೆಯಲಾಗದು.

ಎಂಟು ವರ್ಷಗಳ ಅಂತರ

1886ರಲ್ಲಿ ರಮಾಬಾಯಿ ಅಮೆರಿಕಕ್ಕೆ ಹೋದರು. ಬಂಧುವಾದ ಆನಂದಿಬಾಯಿ ಜೋಶಿ ಫಿಲಡೆಲ್ಫಿಯಾದಲ್ಲಿ ವೈದ್ಯಪದವಿ ಪಡೆಯುವ ಸಮಾರಂಭಕ್ಕೆಂದು ಹೋದವರು ಸುಮಾರು ಮೂರು ವರ್ಷ ಅಲ್ಲಿಯೇ ಉಳಿದು, ಊರೂರು ಸುತ್ತಿ ಭಾರತದ ಬಾಲವಿಧವೆಯರ ಪರವಾಗಿ ಮಾತನಾಡಿದರು. 1887ರಲ್ಲಿ ‘ದಿ ಹೈ ಕ್ಯಾಸ್ಟ್ ಹಿಂದೂ ವುಮನ್’ ಎಂಬ ಅವರ ಇಂಗ್ಲಿಷ್ ಪುಸ್ತಕ ಪ್ರಕಟವಾಯಿತು. ಬೋಸ್ಟನ್ನಿನಲ್ಲಿ ಸ್ಥಾಪನೆಯಾದ ಸಂಘವೊಂದು ಹತ್ತು ವರ್ಷ ಹಣ ಕೊಡುವ ಮಾತು ಕೊಟ್ಟಿತು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ‘ಶಾರದಾ ಸದನ’ ಆರಂಭವಾಯಿತು. ಮರುವರ್ಷ ಪುಣೆಗೆ ವರ್ಗವಾಯಿತು. ಅಲ್ಲಿ ಕಲಿತ ಬಾಲವಿಧವೆ ಗೋದುಬಾಯಿಯೇ 1893ರಲ್ಲಿ ಧೋಂಡೋ ಕೇಶವ ಕರ್ವೆಯವರ ಕೈಹಿಡಿದರು.

ಹೊರಗಿನಿಂದ ನೋಡಿದರೆ ಇದು ಯಶಸ್ಸಿನ ಕಾಲ. ಒಳಗಿನ ಸ್ಥಿತಿ ಬೇರೆಯೇ ಆಗಿತ್ತೆಂದು ರಮಾಬಾಯಿ 1907ರಲ್ಲಿ ಬರೆದ ಆತ್ಮಸಾಕ್ಷ್ಯದಲ್ಲಿ ಹೇಳಿಕೊಂಡಿದ್ದಾರೆ. ಕ್ರೈಸ್ತ ಮತದ ಸಿದ್ಧಾಂತಗಳನ್ನು ಬುದ್ಧಿ ಒಪ್ಪಿತ್ತು, ಅದರ ಸೇವೆಯ ಗುಣ ಮನ ಸೆಳೆದಿತ್ತು. ಆದರೂ ಮನಸ್ಸಿನ ಭಾರ ಇಳಿದಿರಲಿಲ್ಲ. ಹಳೆಯ ಸಾವುಗಳ ನೆನಪು, ತನ್ನಲ್ಲೇ ಏನೋ ಕೊರತೆಯಿದೆ ಎಂಬ ಅಳುಕು ಬಿಡಲಿಲ್ಲ.

1891ರ ಹೊತ್ತಿಗೆ ವಿಲಿಯಂ ಹಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕಥೆ ಅವರ ಕೈಸೇರಿತು. ಕಾರ್ನ್‌ವಾಲ್ ಪ್ರಾಂತದ ಈ ಪಾದ್ರಿ ಎಷ್ಟೋ ವರ್ಷ ಧರ್ಮೋಪದೇಶ ಮಾಡಿದ ಮೇಲೆ, 1851ರಲ್ಲಿ ತಾನೇ ಉಪದೇಶ ನೀಡುತ್ತಿದ್ದಾಗ ತನ್ನ ಮಾತು ತನಗೇ ನಾಟಿ ಬದಲಾದವರು. ಅದನ್ನು ಓದಿದ ರಮಾಬಾಯಿಗೆ ತಮ್ಮ ಸ್ಥಿತಿ ಹೊಳೆಯಿತು. ತಾವು ಒಂದು ಮತವನ್ನು ಸೇರಿದ್ದು ನಿಜ, ಆ ಮತದ ನಡುವೆ ನಿಂತ ಯೇಸುವಿನ ಪರಿಚಯ ಮಾತ್ರ ಇನ್ನೂ ಆಗಿಲ್ಲ ಎಂಬುದು ಅವರ ಅರಿವಾಗಿತ್ತು. ಅವರು ಮತ್ತೆ ಬೈಬಲ್ ಹಿಡಿದು ಕೂತರು. ಪುಣ್ಯ ಸಂಪಾದಿಸಿ ದೇವರ ಒಲವು ಗಳಿಸಬೇಕೆಂಬ ಲೆಕ್ಕಾಚಾರ ಬಾಲ್ಯದಿಂದ ಅವರ ಬೆನ್ನಿಗಿತ್ತು. ತಂದೆ ತಾಯಿ ಕೊನೆಯ ಪಾತ್ರೆಯನ್ನೂ ಮಾರಿದ್ದು ಆ ಲೆಕ್ಕದ ಮೇಲೇ. ಕ್ರೈಸ್ತರಾದ ಮೇಲೂ ಅದು ಬೇರೊಂದು ರೂಪದಲ್ಲಿ ಮುಂದುವರಿದಿತ್ತು. ಈಗ ಆ ಲೆಕ್ಕದ ಪುಸ್ತಕವನ್ನೇ ಮುಚ್ಚಿಟ್ಟು, ಇದ್ದ ಹಾಗೇ ತನ್ನನ್ನು ದೇವರಿಗೆ ಒಪ್ಪಿಸಿಕೊಂಡಾಗ ನೆಮ್ಮದಿ ಬಂತು ಎಂಬುದು ಅವರ ಸಾಕ್ಷ್ಯದ ತಿರುಳು.

ದೀಕ್ಷೆಗೂ ಈ ನೆಮ್ಮದಿಗೂ ನಡುವೆ ಎಂಟು ವರ್ಷಗಳ ಅಂತರವಿದೆ. ರಮಾಬಾಯಿಯವರು ಈ ಅಂತರವನ್ನು ಮುಚ್ಚಿಡಲಿಲ್ಲ. ವಿಶ್ವಾಸ ಬೆಳೆಯಬೇಕಾದ ವಸ್ತು, ಅದಕ್ಕೆ ಕಾಲ ಹಿಡಿಯುತ್ತದೆ ಎಂದು ಅವರ ಬದುಕು ತೋರಿಸುತ್ತದೆ.

ಬಿರುಗಾಳಿ

ಈ ನೆಮ್ಮದಿಯ ಪರೀಕ್ಷೆ ಬೇಗನೆ ಎದುರಾಯಿತು. ಶಾರದಾ ಸದನದಲ್ಲಿ ಮತಬೋಧನೆ ಮಾಡುವುದಿಲ್ಲ ಎಂಬುದು ಒಪ್ಪಂದವಾಗಿತ್ತು. ರಮಾಬಾಯಿ ತಮ್ಮ ಕೋಣೆಯಲ್ಲಿ ಬಾಗಿಲು ಮುಚ್ಚದೆ ಪ್ರಾರ್ಥನೆ ಮಾಡುತ್ತಿದ್ದರು. ಕೆಲವು ಹುಡುಗಿಯರು ತಾವಾಗಿ ಬಂದು ಕೂರತೊಡಗಿದರು. ತಿಲಕರ ‘ಕೇಸರಿ’ ಪತ್ರಿಕೆ ತೀವ್ರವಾಗಿ ಟೀಕಿಸಿತು. 1893ರಲ್ಲಿ ಮಹದೇವ ಗೋವಿಂದ ರಾನಡೆ, ರಾಮಕೃಷ್ಣ ಭಂಡಾರ್ಕರ್ ಮೊದಲಾದ ಹಿತೈಷಿಗಳೇ ಸಲಹಾ ಮಂಡಳಿಗೆ ರಾಜೀನಾಮೆ ಕೊಟ್ಟರು. ಹಲವು ಪೋಷಕರು ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು.

ವಿಮರ್ಶಕರ ಆತಂಕವನ್ನು ತಳ್ಳಿಹಾಕುವಂತಿಲ್ಲ. ನಂಬಿ ಮಕ್ಕಳನ್ನು ಕಳಿಸಿದ ತಂದೆ ತಾಯಿಗಳಿಗೆ ಒಪ್ಪಂದ ಮುರಿದಂತೆ ತೋರಿದ್ದು ಸಹಜ. ನನ್ನ ಮನೆಯಲ್ಲಿ ನನ್ನ ದೇವರನ್ನು ಗುಟ್ಟಾಗಿ ಪ್ರಾರ್ಥಿಸಬೇಕೇ ಎಂಬುದು ರಮಾಬಾಯಿಯವರ ಪ್ರಶ್ನೆಯಾಗಿತ್ತು. ಇತಿಹಾಸಕಾರರು ಇಂದಿಗೂ ಇದನ್ನು ಎರಡೂ ಕಡೆಯಿಂದ ನೋಡುತ್ತಾರೆ. ಮೀರಾ ಕೋಸಾಂಬಿ, ಉಮಾ ಚಕ್ರವರ್ತಿ ಅವರಂತಹ ಸಂಶೋಧಕಿಯರು ಬರೆದ ಮೇಲೆಯೇ, ಈ ವಿವಾದದ ನೆರಳಿನಲ್ಲಿ ಮರೆಯಾಗಿದ್ದ ರಮಾಬಾಯಿಯವರ ಕೆಲಸ ಮತ್ತೆ ಓದುಗರ ಗಮನಕ್ಕೆ ಬಂದದ್ದು.

ಹತ್ತು ವರ್ಷಗಳ ಅಮೆರಿಕದ ನೆರವು ಮುಗಿದ ಮೇಲೆ ಏನು ಎಂಬ ಚಿಂತೆಯಿಂದ ರಮಾಬಾಯಿ ಕೇಡಗಾಂವ್‌ನಲ್ಲಿ ಜಮೀನು ಕೊಂಡು ಹಣ್ಣಿನ ಗಿಡ ನೆಡಿಸಿದ್ದರು. ಆ ಜಮೀನು ಬೇರೊಂದು ಕೆಲಸಕ್ಕೆ ಬರಲಿದೆ ಎಂದು ಆಗ ಯಾರೂ ಊಹಿಸಿರಲಿಲ್ಲ.

ಬರಕ್ಕೆ ಮರಳಿದವರು

1896-97ರಲ್ಲಿ ಮಧ್ಯ ಪ್ರಾಂತದಲ್ಲಿ ಭೀಕರ ಬರ ಬಿತ್ತು. ಆ ಸುದ್ದಿ ಕೇಳಿದಾಗ ತಮಗೆ ತಮ್ಮ ಹಸಿವಿನ ದಿನಗಳೇ ಕಣ್ಣ ಮುಂದೆ ಬಂದವೆಂದು ರಮಾಬಾಯಿ 1897ರಲ್ಲಿ ಬರೆದಿದ್ದಾರೆ. ಎರಡು ದಶಕಗಳಿಂದ ಮರೆಯಲು ಯತ್ನಿಸಿದ್ದ ಕಾಡು, ಎಲೆಗಳ ಊಟ, ತಂದೆಯ ಬೀಳ್ಕೊಡುಗೆ ಎಲ್ಲವನ್ನೂ ವಿವರವಾಗಿ ಬರೆದದ್ದು ಆಗಲೇ. ಅಂಥ ನೆನಪುಳ್ಳವರು ಬರದ ನಾಡಿನಿಂದ ದೂರ ಉಳಿಯಲು ಬಯಸಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ರಮಾಬಾಯಿ ನೇರವಾಗಿ ಅಲ್ಲಿಗೆ ಹೊರಟರು.

ಗಂಜಿ ಕೇಂದ್ರಗಳಲ್ಲಿ, ಬಡವರ ಶಿಬಿರಗಳಲ್ಲಿ ಅವರು ಕಂಡದ್ದು ಹಸಿವನ್ನಷ್ಟೇ ಅಲ್ಲ. ದಿಕ್ಕಿಲ್ಲದ ಹುಡುಗಿಯರನ್ನು ಮರುಳು ಮಾಡಿ ಮಾರುವವರು ಅಲ್ಲಿ ಹೊಂಚು ಹಾಕಿದ್ದರು. ಸುಮಾರು 300 ಹೆಂಗಸರು, ಹುಡುಗಿಯರನ್ನು ರಮಾಬಾಯಿ ಕರೆತಂದರು. ಆ ಹೊತ್ತಿಗೆ ಪುಣೆಯಲ್ಲಿ ಪ್ಲೇಗ್ ಹಬ್ಬಿತ್ತು. ಹೊಸಬರನ್ನು ನಗರದೊಳಗೆ ಬಿಡುವಂತಿರಲಿಲ್ಲ. ಕೇಡಗಾಂವ್‌ನ ಹೊಲದಲ್ಲಿ ಗುಡಿಸಲುಗಳು ಎದ್ದವು. ‘ಮುಕ್ತಿ’ ಹುಟ್ಟಿದ್ದು ಹೀಗೆ. ಅದೇ 1897ರಲ್ಲಿ ಪ್ಲೇಗ್ ಆಸ್ಪತ್ರೆ ಮತ್ತು ಶಿಬಿರಗಳಲ್ಲಿ ಹೆಂಗಸರಿಗೆ ರಕ್ಷಣೆಯಿಲ್ಲವೆಂದು ‘ಬಾಂಬೆ ಗಾರ್ಡಿಯನ್’ ಪತ್ರಿಕೆಯಲ್ಲಿ ಬರೆದು ಅವರು ಬ್ರಿಟಿಷ್ ಅಧಿಕಾರಿಗಳ ಕೋಪಕ್ಕೂ ಗುರಿಯಾದರು.

1900ರ ಗುಜರಾತ್ ಬರದ ನಂತರ ಮುಕ್ತಿಯಲ್ಲಿದ್ದವರ ಸಂಖ್ಯೆ ಸುಮಾರು 2,000ಕ್ಕೆ ಏರಿತು. ಅಷ್ಟು ಜನಕ್ಕೆ ಬಾವಿ ತೋಡಿಸಬೇಕು, ಕಾಳು ತರಿಸಬೇಕು, ಅಕ್ಷರ ಕಲಿಸಬೇಕು, ಕೈಗೆ ಕಸುಬು ಕೊಡಬೇಕು. ನೇಯ್ಗೆ, ಹೊಲಿಗೆ, ಹೈನುಗಾರಿಕೆ, ಎಣ್ಣೆ ತೆಗೆಯುವುದು, ಬೇಸಾಯ ಎಲ್ಲವೂ ಅಲ್ಲಿ ನಡೆಯುತ್ತಿದ್ದವು. ಸಮಾಜ ‘ಕೆಟ್ಟವರು’ ಎಂದು ಕೈಬಿಟ್ಟ ಹೆಂಗಸರಿಗೆ ‘ಕೃಪಾ ಸದನ’ ಇತ್ತು. ಫುಲ್‌ಹ್ಯಾಮ್‌ನಲ್ಲಿ ಕಂಡದ್ದನ್ನು ರಮಾಬಾಯಿ ಮರೆತಿರಲಿಲ್ಲ. ಕುರುಡರಿಗೆ ‘ಬಾರ್ತಿಮಿ ಸದನ’ ಇತ್ತು. ಸುವಾರ್ತೆಯಲ್ಲಿ ದೃಷ್ಟಿ ಪಡೆಯುವ ಕುರುಡ ಬಾರ್ತಿಮಾಯನ ಹೆಸರು ಅದಕ್ಕೆ. ಮಗಳು ಮನೋರಮಾ ಬ್ರೈಲ್ ಲಿಪಿ ಕಲಿತು ಅಲ್ಲಿ ಪಾಠ ಹೇಳಿದರು.

ಇಷ್ಟೆಲ್ಲದರ ನಡುವೆ ದಿನವನ್ನು ಹಿಡಿದಿಟ್ಟದ್ದು ಪ್ರಾರ್ಥನೆ. 1905ರಲ್ಲಿ ಮುಕ್ತಿಯಲ್ಲಿ ದೊಡ್ಡದೊಂದು ಪ್ರಾರ್ಥನಾ ಜಾಗೃತಿ ಕಾಣಿಸಿಕೊಂಡಿತು. ನೂರಾರು ಹೆಂಗಸರು ಒಟ್ಟಾಗಿ ಗಟ್ಟಿಯಾಗಿ ಪ್ರಾರ್ಥಿಸಿದರು, ಅತ್ತರು, ಎದೆಯಲ್ಲಿ ಹುದುಗಿಸಿದ್ದ ತಪ್ಪು ಮತ್ತು ನೋವುಗಳನ್ನು ಹೇಳಿಕೊಂಡರು. ಆಮೇಲೆ ಗುಂಪುಗುಂಪಾಗಿ ಹಳ್ಳಿಗಳಿಗೆ ಹೋಗಿ ತಮ್ಮ ವಿಶ್ವಾಸದ ಬಗ್ಗೆ ಮಾತನಾಡಿದರು. ಜಗತ್ತಿನ ಪೆಂಟೆಕೋಸ್ಟಲ್ ಚಳವಳಿಯ ಚರಿತ್ರೆ ಬರೆಯುವವರು ಇದನ್ನು ಅದರ ಆರಂಭದ ಘಟನೆಗಳಲ್ಲಿ ಒಂದೆಂದು ಎಣಿಸುತ್ತಾರೆ. ಮತದ ಚೌಕಟ್ಟಿನ ಆಚೆಯಿಂದ ನೋಡುವವರಿಗೂ ಒಂದು ಸಂಗತಿ ಕಾಣುತ್ತದೆ. ಬರದಲ್ಲಿ ಎಲ್ಲವನ್ನೂ ಕಳೆದುಕೊಂಡು ಬಂದಿದ್ದ ಆ ಹೆಂಗಸರಿಗೆ ತಮ್ಮ ದುಃಖವನ್ನು ಬಾಯಿಬಿಟ್ಟು ಹೇಳಲು ಜಾಗ ಸಿಕ್ಕಿತು, ಕೇಳುವವರು ಸಿಕ್ಕರು.

ಕೊನೆಯ ಕರಡು

ತಾವು ಹುಟ್ಟಿದ ಕನ್ನಡ ನಾಡಿನ ಸಂಬಂಧ ಕೊನೆಯವರೆಗೂ ಪೂರ್ತಿ ಕಡಿದುಹೋಗಲಿಲ್ಲ. 1910ರ ದಶಕದಲ್ಲಿ ಮುಕ್ತಿಯ ವತಿಯಿಂದ, ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಗುಲ್ಬರ್ಗದಲ್ಲಿ ಶಾಲೆಯೊಂದು ಆರಂಭವಾಯಿತು. ಅದರ ಹೊಣೆ ಹೊತ್ತವರು ಮನೋರಮಾ.

ರಮಾಬಾಯಿಯವರ ಕೊನೆಯ ದೊಡ್ಡ ಕೆಲಸ ಬೈಬಲ್ಲಿನ ಮರಾಠಿ ಅನುವಾದ. ಅದಾಗಲೇ ಇದ್ದ ಮರಾಠಿ ಬೈಬಲ್ಲಿನ ಭಾಷೆ ಹಳ್ಳಿಯ ಹೆಂಗಸರಿಗೆ ನಿಲುಕುವುದಿಲ್ಲ ಎಂದು ಅವರಿಗೆ ಅನ್ನಿಸಿತ್ತು. ಮೂಲದಿಂದಲೇ ಅನುವಾದಿಸಬೇಕೆಂದು ನಡುವಯಸ್ಸು ದಾಟಿದ ಮೇಲೆ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತರು. ಸಂಸ್ಕೃತದಲ್ಲಿ ಆಶುಕವಿತೆ ಹೇಳಿ ಬಿರುದು ಗಳಿಸಿದ್ದವರು ಈಗ ಸಂಸ್ಕೃತದ ದೊಡ್ಡ ಮಾತುಗಳನ್ನು ಒಂದೊಂದಾಗಿ ಬಿಟ್ಟು, ಆಡುಮಾತಿನ ಸರಳ ಮರಾಠಿಯನ್ನು ಹುಡುಕಿದರು. ಅಚ್ಚುಮೊಳೆ ಜೋಡಿಸಿದವರು, ಅಚ್ಚು ಹಾಕಿದವರು ಮುಕ್ತಿಯ ಹೆಂಗಸರೇ. ಅವರಲ್ಲಿ ಹಲವರು ಅಲ್ಲಿಗೆ ಬಂದಾಗ ಅಕ್ಷರ ಕಂಡವರಲ್ಲ.

1919ರಲ್ಲಿ ಸರ್ಕಾರ ‘ಕೈಸರ್-ಇ-ಹಿಂದ್’ ಪದಕ ಕೊಟ್ಟಿತು. 1921ರ ಜುಲೈನಲ್ಲಿ ಮಗಳು ಮನೋರಮಾ 40ರ ವಯಸ್ಸಿನಲ್ಲಿ ತೀರಿಕೊಂಡರು. ಸಂಸ್ಥೆಯನ್ನು ಮಗಳ ಕೈಗೊಪ್ಪಿಸುವ ಯೋಚನೆಯಲ್ಲಿದ್ದ ತಾಯಿಗೆ ಇದು ಬದುಕಿನ ಕೊನೆಯ ಪೆಟ್ಟು. ಆಗ ಅವರಿಗೆ 63 ವರ್ಷ. ಕಿವಿ ಕೇಳಿಸುತ್ತಿರಲಿಲ್ಲ, ಮೈಯಲ್ಲಿ ಶಕ್ತಿಯಿರಲಿಲ್ಲ. ಗಂಗಾಮೂಲದಿಂದ ಜೊತೆಗೆ ಹೊರಟ ಕುಟುಂಬದಲ್ಲಿ ಯಾರೂ ಉಳಿದಿರಲಿಲ್ಲ, ತಾವು ಹೆತ್ತ ಮಗಳೂ ಈಗ ಇಲ್ಲ.

1874ರ ಕಾಡಿನಲ್ಲಿ ನಂಬಿಕೆಯ ಬುಡ ಅಲುಗಿತ್ತು. 1921ರಲ್ಲಿ ಹಾಗಾಗಲಿಲ್ಲ. ರಮಾಬಾಯಿ ಬೈಬಲ್ಲಿನ ಕರಡು ತಿದ್ದುವ ಕೆಲಸ ಮುಂದುವರಿಸಿದರು. ನಡುವಿನ 47 ವರ್ಷಗಳಲ್ಲಿ ಅವರೊಳಗೆ ಬೆಳೆದದ್ದು ಏನು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ದುಃಖ ಬಾರದಂತೆ ಅವರ ವಿಶ್ವಾಸ ತಡೆಯಲಿಲ್ಲ. ದುಃಖ ಬಂದ ಮರುದಿನ ಎದ್ದು ಮೇಜಿನ ಮುಂದೆ ಕೂರುವಂತೆ ಮಾಡಿತು.

1922ರ ಏಪ್ರಿಲ್ 5ರಂದು ಅವರು ತೀರಿಕೊಂಡರು. ಅದಕ್ಕೆ ಸ್ವಲ್ಪವೇ ಮುಂಚೆ ಬೈಬಲ್ಲಿನ ಕೊನೆಯ ಕರಡು ಪುಟಗಳನ್ನು ತಿದ್ದಿ ಮುಗಿಸಿದ್ದರು. 1989ರಲ್ಲಿ ಅಂಚೆ ಇಲಾಖೆ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು. ಕೇಡಗಾಂವ್‌ನ ಧಾಮ ಈಗಲೂ ಬಾಗಿಲು ತೆರೆದಿದೆ.